ಹಡಗು ಬಿಡದ ಕಪ್ತಾನರು

ನಮ್ಮ ನಾಗಪುರದಲ್ಲಿ ಕಡಲಿಲ್ಲ. ದೊಡ್ಡ ನೀರು ಅಂದರೆ ಅಂಬಾಝರಿ ಕೆರೆ, ಇಲ್ಲವೆ ಫುಟಾಳಾ. ಹೀಗಿರುವಾಗ ನೌಕಾಪಡೆಯವರ ಕತೆ ನಮಗ್ಯಾಕೆ ಅಂತ ಕೇಳಬಹುದು. ಆದರೆ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಊರೂ ಕಡಲತೀರದ್ದಲ್ಲ. ಅವರು 1926ರ ಮೇ 15ರಂದು ಹುಟ್ಟಿದ್ದು ಗೋರಖಪುರದಲ್ಲಿ, ಒಂದು ಕಾಶ್ಮೀರಿ ಪಂಡಿತ ಮನೆತನದಲ್ಲಿ. ಉರ್ದು ಕವಿಯೂ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರೂ ಆಗಿದ್ದ ಆನಂದ ನಾರಾಯಣ ಮುಲ್ಲಾ ಅದೇ ಮನೆತನದವರು. ಮಹೇಂದ್ರನಾಥರಿಗೂ ಉರ್ದು ಕಾವ್ಯದ ಹುಚ್ಚು ಬಹಳ.

ಅವರು ನೌಕಾಪಡೆ ಸೇರಿದ್ದು 1946ರಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಮುಂಬಯಿಯ ನಾವಿಕರು ದಂಗೆ ಎದ್ದಿದ್ದರು. ಕೆಟ್ಟ ಊಟ, ಬ್ರಿಟಿಷ್ ಅಧಿಕಾರಿಗಳ ಅವಮಾನದ ಮಾತು ಅವರಿಗೆ ಸಾಕಾಗಿ ಹೋಗಿತ್ತು. ಅಧಿಕಾರಿ ಬೇರೆ, ನಾವಿಕ ಬೇರೆ ಅನ್ನೋ ಕಾಲ ಅದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಡಿಸೆಂಬರ್ 4ರ ರಾತ್ರಿ ನಮ್ಮ ನೌಕೆಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಅದರಲ್ಲಿ ಕಿಲ್ಟನ್ ನೌಕೆಯ ಮುಖ್ಯಸ್ಥರಾಗಿದ್ದವರು, ಹೆಸರಿನಲ್ಲೇ ಕಾಸರಗೋಡು ಇಟ್ಟುಕೊಂಡಿದ್ದ ಗೋಪಾಲ ರಾವ್ ಅನ್ನುವುದು ನಮಗೆ ಹೆಮ್ಮೆ. ಇತ್ತ ದಿಯು ಕಡೆಯ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹೊಂಚು ಹಾಕಿತ್ತು. ಅದನ್ನು ಹುಡುಕಲು ಹೊರಟದ್ದು ಖುಕ್ರಿ ಮತ್ತು ಕಿರ್ಪಾನ್. ಖುಕ್ರಿಯ ಕಪ್ತಾನರು ಮುಲ್ಲಾ. ಖುಕ್ರಿ 1950ರ ದಶಕದ ಹಡಗು, ಹಂಗೋರ್ ಫ್ರಾನ್ಸಿನಿಂದ ಬಂದ ಹೊಸದು. ಬೇಟೆಗಾರನಿಗಿಂತ ಬೇಟೆಯ ಕಿವಿಯೇ ಚುರುಕು!

ಡಿಸೆಂಬರ್ 9ರ ರಾತ್ರಿ ಒಂಬತ್ತರ ಸುಮಾರಿಗೆ ಟಾರ್ಪೆಡೋ ಬಂದು ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗತೊಡಗಿತು. ಕತ್ತಲೆ, ಎಣ್ಣೆ, ಕೂಗಾಟ. ಹಡಗು ಬಿಡಿರೆಂದು ಮುಲ್ಲಾ ಆಜ್ಞೆ ಕೊಟ್ಟರು. ಹಿಂಜರಿದವರನ್ನು ತಾವೇ ನೀರಿಗೆ ತಳ್ಳಿದರು. ತಮ್ಮ ಜೀವರಕ್ಷಕ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟುಬಿಟ್ಟರು. ಬದುಕಿ ಬಂದವರು ಕೊನೆಗೆ ಕಂಡದ್ದು, ಅವರು ಹಡಗಿನ ಜೊತೆಗೇ ಇಳಿದು ಹೋದದ್ದನ್ನು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಅವರೂ ಹಾರಿ ಬದುಕಬಹುದಿತ್ತಲ್ಲ, ಅನುಭವಿ ಅಧಿಕಾರಿ ದೇಶಕ್ಕೆ ಬೇಕಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಕೆಳಗಿನ ಅಂತಸ್ತುಗಳಲ್ಲಿ ಎಷ್ಟೋ ನಾವಿಕರು ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಬಿಟ್ಟು ಕಪ್ತಾನ ಮೊದಲು ಹಾರಿದರೆ ಹೇಗೆ? ಕಾಮರ್ಸ್‌ನಲ್ಲಿ ನಾವು ಸೀಮಿತ ಹೊಣೆಗಾರಿಕೆ ಅಂತ ಓದುತ್ತೇವೆ. ಕಂಪನಿ ಮುಳುಗಿದರೂ ಷೇರುದಾರನಿಗೆ ಹೋಗುವುದು ಷೇರಿನ ಹಣ ಮಾತ್ರ. ಮುಲ್ಲಾ ಅವರು ತಮ್ಮ ಹೊಣೆಗೆ ಅಂಥ ಮಿತಿ ಹಾಕಿಕೊಳ್ಳಲಿಲ್ಲ. 1946ರಲ್ಲಿ ನಾವಿಕರು ಕೇಳಿದ್ದು ಮನುಷ್ಯರಿಗೆ ಸಲ್ಲುವ ಮರ್ಯಾದೆಯನ್ನು. 25 ವರ್ಷದ ಮೇಲೆ ಒಬ್ಬ ಅಧಿಕಾರಿ ಒಬ್ಬ ನಾವಿಕನಿಗೆ ತನ್ನ ಜೀವವನ್ನೇ ಕೊಟ್ಟರು.

ದಿಯುವಿನಲ್ಲಿ ಕಡಲಿಗೆ ಮುಖ ಮಾಡಿ ಖುಕ್ರಿಯ ಸ್ಮಾರಕವಿದೆ. ಗುಜರಾತಿನ ಕಡೆ ಪ್ರವಾಸ ಹೊರಟವರು ಅಲ್ಲಿ ಐದು ನಿಮಿಷ ನಿಂತು ಬನ್ನಿ.