ಜೇಕ್ ಗೇಥರ್

ಗೆಲ್ಲಬಲ್ಲ ಸಾಮರ್ಥ್ಯವಿದ್ದರೂ ಸರಿಸಮಾನವಾಗಿ ಕಣಕ್ಕಿಳಿಯುವ ಹಕ್ಕಿಲ್ಲದವರ ಸಂಕಟವನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಸಂಕಟವನ್ನು ಇಪ್ಪತ್ತೈದು ವರ್ಷ ಸಹಿಸಿಯೂ ತಮ್ಮ ಕೆಲಸದಲ್ಲಿ ಕುಂದುಬಾರದಂತೆ ನಡೆದುಕೊಂಡವರು ಅಮೆರಿಕದ ಕಾಲ್ಚೆಂಡಾಟದ ಶಿಕ್ಷಕರಾದ ಜೇಕ್ ಗೇಥರರು.

ಅವರು 1903ರಲ್ಲಿ ಟೆನೆಸೀ ಸಂಸ್ಥಾನದ ಡೇಟನ್ ಊರಿನಲ್ಲಿ ಕ್ರೈಸ್ತ ಧರ್ಮೋಪದೇಶಕರೊಬ್ಬರ ಮಗನಾಗಿ ಜನಿಸಿದರು. ವಕೀಲರಾಗಬೇಕೆಂಬುದು ಅವರ ಇಚ್ಛೆಯಾಗಿತ್ತು. ತಂದೆಯ ಮರಣದಿಂದ ಸಂಸಾರಭಾರವು ಹೆಗಲಿಗೇರಲು, ಆ ಇಚ್ಛೆಯನ್ನು ತೊರೆದು ಉಪಾಧ್ಯಾಯ ವೃತ್ತಿಯನ್ನು ಹಿಡಿದರು. 1942ರಲ್ಲಿ ಮಿದುಳಿನಲ್ಲಿ ಗೆಡ್ಡೆ ಬೆಳೆದು ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅದನ್ನೂ ಗೆದ್ದು, 1945ರಲ್ಲಿ ಫ್ಲಾರಿಡಾ ಸಂಸ್ಥಾನದ ಟಲ್ಲಹಾಸಿಯಲ್ಲಿ ಕರಿಯರಿಗಾಗಿ ಸ್ಥಾಪಿತವಾಗಿದ್ದ ಫ್ಲಾರಿಡಾ ಎ ಅಂಡ್ ಎಂ ಕಾಲೇಜಿನ ತಂಡಕ್ಕೆ ಮುಖ್ಯ ಶಿಕ್ಷಕರಾದರು.

ಅಮೆರಿಕದ ಕಾಲ್ಚೆಂಡಾಟವು ನಾವು ಬಲ್ಲ ಆಟವಲ್ಲ. ಪಕ್ಷಕ್ಕೆ ಹನ್ನೊಂದು ಜನರಂತೆ ನಿಂತು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವುದು ಅದರ ರೀತಿ. ಮುಂದಿನ ಸಾಲಿನ ಆಟಗಾರರ ನಡುವಣ ಅಂತರವನ್ನು ಹೆಚ್ಚಿಸಿ ಓಟಗಾರನಿಗೆ ದಾರಿ ಬಿಡಿಸುವ ವ್ಯೂಹವೊಂದನ್ನು ಗೇಥರರು ಬೆಳೆಸಿದರು. 1963ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಬರೆದರು. ಅವರ ತಂಡ ಗೆದ್ದ ಪಂದ್ಯಗಳು 203, ಸೋತವು 36, ಸಮವಾದವು 4. ಕರಿಯರ ಕಾಲೇಜುಗಳ ರಾಷ್ಟ್ರೀಯ ಅಗ್ರಪಟ್ಟವು ಆರು ಸಲ ಅವರಿಗೆ ದೊರೆಯಿತು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಓಟದ ಚಿನ್ನದ ಪದಕವನ್ನು ಗೆದ್ದ ಬಾಬ್ ಹೇಯ್ಸ್ ಅವರ ಆಟಗಾರರಲ್ಲೊಬ್ಬ.

ಆದರೆ ವರ್ಣಭೇದದ ಗೋಡೆ ಹಾಗೆಯೇ ನಿಂತಿತ್ತು. ಗೇಥರರು ಏರ್ಪಡಿಸುತ್ತಿದ್ದ ಶಿಕ್ಷಣ ಶಿಬಿರಗಳಿಗೆ ಬಿಳಿಯ ಶಿಕ್ಷಕರೂ ಬರುತ್ತಿದ್ದರು. ಅವರ ತಂಡದೊಡನೆ ಪಂದ್ಯವಾಡಲು ದಕ್ಷಿಣದ ಬಿಳಿಯರ ಕಾಲೇಜುಗಳು ಬರುತ್ತಿರಲಿಲ್ಲ. ಅದೇ ಊರಿನ ಬಿಳಿಯರ ವಿಶ್ವವಿದ್ಯಾಲಯದ ತಂಡವೂ ಅವರ ಕಾಲದಲ್ಲಿ ಅವರೊಡನೆ ಆಡಲಿಲ್ಲ. ವಿದ್ಯೆಗೆ ಮನ್ನಣೆ, ವಿದ್ಯಾವಂತನಿಗೆ ಬಹಿಷ್ಕಾರ! ಇದಕ್ಕಿಂತ ವಿಚಿತ್ರವಾದ ನ್ಯಾಯವುಂಟೆ?

ಗೇಥರರು ಬಹುಕಾಲದಿಂದ ಬಯಸಿದ್ದ ಪಂದ್ಯವು ಕಡೆಗೆ 1969ರ ನವೆಂಬರಿನಲ್ಲಿ ಕೂಡಿಬಂದಿತು. ಬಿಳಿಯರೇ ಅಧಿಕವಾಗಿದ್ದ ಟ್ಯಾಂಪಾ ವಿಶ್ವವಿದ್ಯಾಲಯವು ಎದುರಾಳಿಯಾಗಿ ನಿಂತಿತು. ದಕ್ಷಿಣ ಭಾಗದಲ್ಲಿ ಅಂತಹ ಎರಡು ಸಂಸ್ಥೆಗಳು ಎದುರುಬದುರಾದದ್ದು ಅದೇ ಮೊದಲು. ಗೇಥರರ ಹುಡುಗರು 34ಕ್ಕೆ 28ರಂತೆ ಜಯಶಾಲಿಗಳಾದರು. ಅದೇ ವರ್ಷದೊಂದಿಗೆ ಅವರು ತಂಡದ ಶಿಕ್ಷಕತ್ವದಿಂದ ನಿವೃತ್ತರಾಗಿ, 1994ರಲ್ಲಿ ದಿವಂಗತರಾದರು.

ಕಾಲಕ್ರಮದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕರಿಯ ತರುಣರಿಗೆ ಬಾಗಿಲು ತೆರೆದವು; ಉತ್ತಮ ಆಟಗಾರರು ಅತ್ತ ಹೊರಟುಹೋಗಲು, ಗೇಥರರದರಂತಹ ಸಣ್ಣ ಕಾಲೇಜುಗಳು ಹಿಂದಿನ ಬಲವನ್ನು ಕಳೆದುಕೊಂಡವು. ನ್ಯಾಯವು ದೊರೆತಾಗಲೂ ಅದರ ವೆಚ್ಚವನ್ನು ತೆತ್ತವರು, ಅನ್ಯಾಯದ ದಿನಗಳಲ್ಲಿ ಆ ತರುಣರನ್ನು ಸಾಕಿ ಬೆಳೆಸಿದವರೇ. ಈ ಋಣವನ್ನು ಲೋಕವು ಮರೆಯಬಾರದೆಂಬುದೇ ನಮ್ಮ ಆಶಯ.