ವಾಯುವೀರ ಅಜ್ಜಮಾಡ ದೇವಯ್ಯ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಸಂಘದವರು ಹೇಳಿದಾಗ, ಗೊಬ್ಬರ, ಸಾಲದ ವಿಷಯ ಬೇರೆಯವರು ಬರೆಯುತ್ತಾರೆ, ನಾನು ನಮ್ಮ ಜಿಲ್ಲೆಯ ಒಬ್ಬ ವೀರನ ಬಗ್ಗೆ ನಾಲ್ಕು ಮಾತು ಬರೆಯೋಣ ಅಂದುಕೊಂಡೆ. ಕೊಡಗು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ. ಅವರ ಜೊತೆಗೇ ನೆನೆಯಬೇಕಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ಸೇರಿ ಪೈಲಟ್ ಆದರು. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಗುರುಗಳೂ ಆಗಿದ್ದರು. ಮದುವೆಯಾಗಿ ಹೆಣ್ಣು ಮಕ್ಕಳಿದ್ದರು.

1965ರ ಸೆಪ್ಟೆಂಬರ್. ಇಲ್ಲಿ ನಮ್ಮವರು ನಾಟಿ ಮುಗಿಸಿ ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿ ಪೂಜೆ ಮಾಡುವ ಕಾಲ. ಅಲ್ಲಿ ಪಾಕಿಸ್ತಾನದ ಜೊತೆ ಯುದ್ಧ. 7ನೇ ತಾರೀಕು ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧದ ಮೇಲೆ ದಾಳಿಗೆ ಹೊರಟವು. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಯಾರಾದರೂ ತಪ್ಪಿದರೆ ಹೋಗಲು ಕಾದಿದ್ದವರು. ಒಂದು ವಿಮಾನ ತಪ್ಪಿತು, ಇವರು ಹೊರಟರು.

ದಾಳಿ ಮುಗಿಸಿ ಬರುವಾಗ ಶತ್ರುವಿನ ಸ್ಟಾರ್‌ಫೈಟರ್ ಎದುರಾಯಿತು. ಅದು ಶಬ್ದದ ಎರಡರಷ್ಟು ವೇಗದ ವಿಮಾನ, ಮಿಸ್ಟೀರ್ ಅದರ ಮುಂದೆ ಹಳೇ ಕಾಲದ್ದು. ಪೆಟ್ಟು ಬಿದ್ದರೂ ದೇವಯ್ಯನವರು ಬೆನ್ನು ತೋರಿಸಲಿಲ್ಲ. ತಿರುಗಿ ಹೋರಾಡಿ ಆ ವಿಮಾನವನ್ನೇ ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯನವರು ಮಾತ್ರ ಹಿಂದಿರುಗಲಿಲ್ಲ. ಆಗ ವಯಸ್ಸು 32.

ದುಃಖದ ಸಂಗತಿ ಏನೆಂದರೆ, ಈ ಸಾಹಸ ಕಂಡ ನಮ್ಮವರು ಯಾರೂ ಇರಲಿಲ್ಲ. ಕಾಣೆಯಾದವರು ಅಂತ ಮಾತ್ರ ದಾಖಲೆಯಾಯಿತು. ಮನೆಯವರು ಎಷ್ಟು ವರ್ಷ ದಾರಿ ಕಾದಿರಬೇಕು! 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ಕಡೆಯ ಯುದ್ಧದ ಕಥೆ ಬರೆದಾಗ, ಅಂದು ಒಂದು ಮಿಸ್ಟೀರ್ ಅವರ ಸ್ಟಾರ್‌ಫೈಟರನ್ನು ಹೊಡೆದದ್ದು ಹೊರಬಂತು. ಆ ದಾಳಿಯಿಂದ ಹಿಂದಿರುಗದವರು ದೇವಯ್ಯ ಒಬ್ಬರೇ. ಹೀಗೆ ಶತ್ರುಗಳ ಕಡೆಯಿಂದಲೇ ಸಾಕ್ಷಿ ಸಿಕ್ಕಿತು. ಕೊನೆಗೆ 1988ರಲ್ಲಿ, 23 ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಸಂಘದ ಲೆಕ್ಕದಲ್ಲಿ ಒಬ್ಬ ರೈತನ ಜಮಾ ಬಿಟ್ಟುಹೋದರೆ ಎಷ್ಟು ತಡವಾದರೂ ಹುಡುಕಿ ಬರೆಯಬೇಕು, ಅದು ಅವನ ಹಕ್ಕು. ದೇವಯ್ಯನವರ ಲೆಕ್ಕವನ್ನು ದೇಶ ತಡವಾಗಿಯಾದರೂ ಬರೆಯಿತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಬಸ್ಸಿಗೆ ಓಡುವಾಗ ಒಂದು ನಿಮಿಷ ನಿಂತು, ಆ ಹೆಸರು ಯಾರದು ಅಂತ ಮಕ್ಕಳಿಗೆ ಹೇಳೋಣ.