ಶಾರ್ಲೆಟ್ ಬ್ರಾಂಟೆಯೂ ಆಕೆಯ ಶಾಲೆಯ ಗೆಳತಿಯೂ

ಹೆಣ್ಣುಮಕ್ಕಳ ಸ್ನೇಹವು ಶಾಲೆಯ ಬಾಗಿಲಿನವರೆಗೆ ಮಾತ್ರವೆಂದೂ, ಅವರು ತಮ್ಮ ತಮ್ಮ ಮನೆ ಸೇರಿದ ಮೇಲೆ ಅದು ತಾನಾಗಿ ಬಾಡಿಹೋಗುವುದೆಂದೂ ಹೇಳುವವರುಂಟು. ಈ ಮಾತು ಎಲ್ಲರ ವಿಷಯದಲ್ಲಿಯೂ ಸಲ್ಲದೆಂಬುದಕ್ಕೆ ಆಂಗ್ಲ ಗ್ರಂಥಕರ್ತ್ರಿಯಾದ ಶಾರ್ಲೆಟ್ ಬ್ರಾಂಟೆಯ ಜೀವನವೇ ಸಾಕ್ಷಿಯಾಗಿದೆ. ಆಕೆಯ ಜೇನ್ ಐರ್ ಎಂಬ ಕಾದಂಬರಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಆದರೆ ಅದನ್ನು ಬರೆದವಳಿಗೆ ಇಪ್ಪತ್ತನಾಲ್ಕು ವರ್ಷಕಾಲ ಗೆಳತಿಯಾಗಿದ್ದ ಎಲೆನ್ ನಸ್ಸಿಯ ಹೆಸರನ್ನು ಕೇಳಿದವರು ವಿರಳ. ಆದುದರಿಂದ ಇವರಿಬ್ಬರ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಶಾರ್ಲೆಟಳು 1816ನೆಯ ಇಸವಿ ಏಪ್ರಿಲ್ 21ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಜನಿಸಿದಳು. ಆಕೆಯ ತಂದೆಯು ಹಾವರ್ತ್ ಎಂಬ ಗುಡ್ಡಗಾಡಿನ ಊರಿನಲ್ಲಿ ಪಾದ್ರಿಯಾಗಿದ್ದರು. ಐದು ವರ್ಷದ ಪ್ರಾಯದಲ್ಲಿಯೇ ಆಕೆಯು ತಾಯಿಯನ್ನು ಕಳೆದುಕೊಂಡಳು. ತಾಯಿಯ ಅಕ್ಕನು ಮನೆಗೆ ಬಂದು ಮಕ್ಕಳನ್ನು ಸಾಕಿದಳು. 1824ರಲ್ಲಿ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ಏರ್ಪಟ್ಟಿದ್ದ ಕೋವನ್ ಬ್ರಿಜ್ ಎಂಬಲ್ಲಿನ ಶಾಲೆಗೆ ಆಕೆಯನ್ನೂ ಸೋದರಿಯರನ್ನೂ ಕಳುಹಿಸಿದರು. ಅಲ್ಲಿಯ ಚಳಿಯೂ ಕೆಟ್ಟ ಆಹಾರವೂ ಮಕ್ಕಳಿಗೆ ಸಹಿಸಲಸಾಧ್ಯವಾದವು. ಇಬ್ಬರು ಅಕ್ಕಂದಿರು ಕ್ಷಯರೋಗಕ್ಕೆ ತುತ್ತಾಗಿ ಮನೆಗೆ ಹಿಂದಿರುಗಿ, 1825ರಲ್ಲಿ ತೀರಿಕೊಂಡರು. ಹೀಗೆ ಶಾಲೆಯೆಂದರೆ ಭಯಪಡಲು ತಕ್ಕ ಕಾರಣವಿದ್ದ ಬಾಲಿಕೆಯು 1831ನೆಯ ಜನವರಿಯಲ್ಲಿ ಮಿಸ್ ವೂಲರರ ರೋ ಹೆಡ್ ಶಾಲೆಗೆ ಬಂದಳು.

ಆಗ ಆಕೆಗೆ ಹದಿನಾಲ್ಕು ವರ್ಷ. ಉಡುಪು ಹಳೆಯ ತರದ್ದು, ಮಾತಿನಲ್ಲಿ ಐರಿಷ್ ಎಳೆತ, ಕಣ್ಣಿನ ದೃಷ್ಟಿಯೋ ಬಹಳ ಮಂದ. ಚೆಂಡಾಟಕ್ಕೆ ಕರೆದರೆ ಚೆಂಡೇ ಕಾಣದು. ಕೆಲವು ದಿನಗಳ ತರುವಾಯ ಅದೇ ಶಾಲೆಗೆ ಸೇರಲು ಬಂದ ಎಲೆನಳು, ಪಾಠದ ಕೋಣೆಯ ಕಿಟಕಿಯ ಬಳಿ ಒಬ್ಬಳೇ ನಿಂತು ಸದ್ದಿಲ್ಲದೆ ಅಳುತ್ತಿದ್ದ ಈ ಹುಡುಗಿಯನ್ನು ಕಂಡಳು. ತಾನೂ ಮನೆ ಬಿಟ್ಟು ಬಂದವಳಾದುದರಿಂದ ಆ ದುಃಖವು ಆಕೆಗೆ ಅರ್ಥವಾಯಿತು. ಬಳಿಗೆ ಹೋಗಿ ಮಾತನಾಡಿಸಿದಳು. ಸ್ನೇಹದ ಅಂಕುರವು ಇಷ್ಟೇ.

ಇಬ್ಬರ ಸ್ವಭಾವವೂ ಒಂದಾಗಿರಲಿಲ್ಲ. ಶಾರ್ಲೆಟಳು ತೀವ್ರ ಭಾವನೆಯುಳ್ಳವಳು, ಕಲ್ಪನಾಲೋಕದಲ್ಲಿ ವಿಹರಿಸತಕ್ಕವಳು. ಎಲೆನಳೋ ಶಾಂತಳು, ಭಕ್ತಿವಂತಳು, ಗ್ರಂಥರಚನೆಯ ಗೊಡವೆಗೆ ಹೋಗದವಳು. ಸುಮಾರು ಒಂದೂವರೆ ವರ್ಷದ ಮೇಲೆ ಶಾರ್ಲೆಟಳು ಶಾಲೆಯನ್ನು ಬಿಟ್ಟರೂ ಕಾಗದಗಳು ನಿಲ್ಲಲಿಲ್ಲ. 1832ರಲ್ಲಿ ಶಾರ್ಲೆಟಳು ಎಲೆನಳ ಮನೆಗೆ ಹೋದಳು. ಮರುವರ್ಷ ಎಲೆನಳು ಹಾವರ್ತಿಗೆ ಬಂದಳು. 1839ರಲ್ಲಿ ಎಲೆನಳ ಅಣ್ಣನಾದ ಹೆನ್ರಿಯು ಶಾರ್ಲೆಟಳನ್ನು ವಿವಾಹವಾಗಬೇಕೆಂದು ಕೇಳಿ ಬರೆದನು, ಆಕೆಯು ಒಪ್ಪಲಿಲ್ಲ. ಇಂತಹ ನಿರಾಕರಣೆಯಿಂದ ಮನೆಮನೆಗಳೇ ಮುರಿಯುವುದನ್ನು ನಾವು ಕಂಡಿದ್ದೇವೆ. ಇವರ ಸ್ನೇಹವು ಮಾತ್ರ ಕದಲಲಿಲ್ಲ. 1845ರಲ್ಲಿ ಅದೇ ಹೆನ್ರಿಯ ಹೊಸ ಮನೆಯನ್ನು ಅಣಿಗೊಳಿಸಲು ಎಲೆನಳು ಹ್ಯಾದರ್ಸೇಜ್ ಎಂಬ ಗ್ರಾಮದಲ್ಲಿದ್ದಾಗ, ಶಾರ್ಲೆಟಳೂ ಅಲ್ಲಿಗೆ ಹೋಗಿ ಕೆಲವು ವಾರಗಳಿದ್ದಳು. ಆ ಊರಿನ ದೇವಾಲಯದಲ್ಲಿ ಐರ್ ಮನೆತನದವರ ಸಮಾಧಿಗಳಿವೆ. ಎರಡು ವರ್ಷದ ಮೇಲೆ, 1847ರಲ್ಲಿ, ಜೇನ್ ಐರ್ ಪ್ರಕಟವಾಯಿತು.

ಆ ಗ್ರಂಥದ ಮೇಲಿದ್ದುದು ಕರರ್ ಬೆಲ್ ಎಂಬ ಕಲ್ಪಿತ ನಾಮ. ನಿಜವಾದ ಹೆಸರು ಹೊರಬೀಳಬಾರದೆಂದು ಸೋದರಿಯರು ನಿಶ್ಚಯಿಸಿದ್ದುದರಿಂದ, ಶಾರ್ಲೆಟಳು ಎಲೆನಳಿಗೂ ಈ ಗುಟ್ಟನ್ನು ಬಹುಕಾಲ ಬಿಟ್ಟುಕೊಡಲಿಲ್ಲ. ಆದರೆ ಕಷ್ಟವು ಬಂದೊದಗಿದಾಗ ಆಕೆಯು ನೆನೆದುದು ಎಲೆನಳನ್ನೇ. 1848ನೆಯ ಸೆಪ್ಟೆಂಬರಿನಲ್ಲಿ ತಮ್ಮನಾದ ಬ್ರಾನ್‌ವೆಲ್ಲನೂ ಡಿಸೆಂಬರಿನಲ್ಲಿ ತಂಗಿ ಎಮಿಲಿಯೂ ಮೃತಿ ಹೊಂದಿದರು. ಉಳಿದ ಒಬ್ಬ ತಂಗಿಯಾದ ಆನಳೂ ಕ್ಷಯದಿಂದ ನರಳುತ್ತಿರಲು, 1849ನೆಯ ಮೇ ತಿಂಗಳಲ್ಲಿ ಆಕೆಯನ್ನು ಸ್ಕಾರ್ಬರೋ ಎಂಬ ಸಮುದ್ರತೀರದ ಊರಿಗೆ ಕರೆದೊಯ್ದರು. ಜೊತೆಯಲ್ಲಿ ಹೋದವಳು ಎಲೆನಳು. ಊರು ಸೇರಿದ ಮೂರನೆಯ ದಿನವೇ, ಮೇ 28ರಂದು, ಆನಳು ಕಣ್ಣು ಮುಚ್ಚಿದಳು. ಒಂಬತ್ತು ತಿಂಗಳೊಳಗೆ ಮೂವರನ್ನು ಕಳೆದುಕೊಂಡ ಅಕ್ಕನ ಪಕ್ಕದಲ್ಲಿ ನಿಂತವಳು ಒಡಹುಟ್ಟಿದವಳಲ್ಲ, ಸಹಪಾಠಿಯು.

ಇಂತಹ ಸ್ನೇಹಕ್ಕೂ ಒಮ್ಮೆ ಬಿರುಕು ಬಿಟ್ಟಿತು. ತಂದೆಯ ಸಹಾಯಕ ಪಾದ್ರಿಯಾಗಿದ್ದ ಆರ್ಥರ್ ನಿಕಲ್ಸನು ಶಾರ್ಲೆಟಳ ಕೈಹಿಡಿಯಬೇಕೆಂದು ಕೇಳಿದಾಗ ಎಲೆನಳಿಗೆ ಅದು ರುಚಿಸಲಿಲ್ಲ. 1853ರ ನಡುವಿನಿಂದ ಕೆಲವು ತಿಂಗಳು ಕಾಗದಗಳೇ ನಿಂತುಹೋದವು. ಆಗ ನಡುವೆ ಬಂದು ಇಬ್ಬರನ್ನೂ ಕೂಡಿಸಿದವರು ಅವರ ಹಳೆಯ ಉಪಾಧ್ಯಾಯಿನಿಯಾದ ಮಿಸ್ ವೂಲರರು. ಶಾಲೆಯ ಕೆಲಸವು ಶಾಲೆಯಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ನಮಗೆ ಬೇಡ. 1854ನೆಯ ಜೂನ್ 29ರಂದು ವಿವಾಹವು ನಡೆಯಿತು. ತಂದೆಯು ಕಡೆಯ ಗಳಿಗೆಯಲ್ಲಿ ದೇವಾಲಯಕ್ಕೆ ಬರಲೊಲ್ಲದೆ ಹೋಗಲು, ಮಿಸ್ ವೂಲರರೇ ಕನ್ಯೆಯನ್ನು ಒಪ್ಪಿಸಿಕೊಟ್ಟರು. ಎಲೆನಳು ಮದುಮಗಳ ಸಖಿಯಾಗಿ ನಿಂತಳು.

ಮದುವೆಯಾದ ಮೇಲೆ ನಿಕಲ್ಸನು, ತನ್ನ ಹೆಂಡತಿಯ ಕಾಗದಗಳನ್ನು ಸುಟ್ಟುಬಿಡಬೇಕೆಂದು ಎಲೆನಳಿಂದ ಮಾತು ಕೇಳಿದನು. ಗೆಳತಿಯ ಬರಹದಲ್ಲಿ ಅವನು ಕೈಹಾಕದಿದ್ದರೆ ಹಾಗೆ ಮಾಡುವೆನೆಂದು ಎಲೆನಳು ಒಪ್ಪಿದಳು, ಆದರೆ ಸುಡಲಿಲ್ಲ. 1855ನೆಯ ಮಾರ್ಚ್ 31ರಂದು, ಮೂವತ್ತೊಂಬತ್ತು ವರ್ಷ ತುಂಬುವುದಕ್ಕೆ ಮುಂಚೆಯೇ, ಶಾರ್ಲೆಟಳು ತೀರಿಕೊಂಡಳು. ಮೃತಳ ಕುರಿತು ಪತ್ರಿಕೆಗಳಲ್ಲಿ ಸಲ್ಲದ ಮಾತುಗಳು ಬರಲಾರಂಭಿಸಲು, ಆಕೆಯ ನಿಜವಾದ ಚರಿತ್ರೆಯು ಹೊರಬರಬೇಕೆಂದು ಎಲೆನಳು ಒತ್ತಾಯಪಡಿಸಿದಳು. ತಂದೆಯು ಆ ಕಾರ್ಯವನ್ನು ಶ್ರೀಮತಿ ಗ್ಯಾಸ್ಕೆಲ್ ಎಂಬ ಗ್ರಂಥಕರ್ತ್ರಿಗೆ ಒಪ್ಪಿಸಿದರು. ಎಲೆನಳು ಕಾಪಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕಾಗದಗಳ ಆಧಾರದಿಂದ ಆ ಜೀವನಚರಿತ್ರೆಯು 1857ರಲ್ಲಿ ಹೊರಬಂದಿತು.

ಸುಡುವೆನೆಂದು ಒಪ್ಪಿ ಸುಡದಿದ್ದುದು ಸರಿಯೇ ಎಂದು ಕೇಳಬಹುದು. ಪತಿಯ ಶಂಕೆಯೂ ಕೇವಲ ಅನ್ಯಾಯವಾಗಿರಲಿಲ್ಲ. ಮನೆಯ ಮಾತು ಬೀದಿಗೆ ಬರುವುದನ್ನು ಯಾರು ಬಯಸುವರು? ಆದರೂ ಎಲೆನಳು ಆ ಕಾಗದಗಳನ್ನು ಬೆಂಕಿಗಿಟ್ಟಿದ್ದರೆ, ಕಿಟಕಿಯ ಬಳಿ ಅತ್ತ ಹುಡುಗಿಯು ಗ್ರಂಥಕರ್ತ್ರಿಯಾಗಿ ಬೆಳೆದ ಬಗೆಯು ಇಂದಿನವರಿಗೆ ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯುತ್ತಿತ್ತೆಂಬುದು ನಿಶ್ಚಯ.

ಎಲೆನಳು ಮದುವೆಯಾಗಲಿಲ್ಲ. ಗೆಳತಿಯ ತರುವಾಯ ನಾಲ್ವತ್ತೆರಡು ವರ್ಷ ಬದುಕಿದ್ದು, 1897ನೆಯ ನವೆಂಬರಿನಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ಗತಿಸಿದಳು. ಆಕೆಯು ಶಾರ್ಲೆಟಳಿಗೆ ಬರೆದ ಕಾಗದಗಳಾದರೋ ಬಹುಪಾಲು ನಾಶವಾಗಿವೆ. ಗೆಳತಿಯ ಮಾತನ್ನು ಲೋಕಕ್ಕೆ ಉಳಿಸಿಕೊಟ್ಟವಳ ಮಾತು ನಮಗೆ ಉಳಿದಿಲ್ಲ. ಬಂದ ಉತ್ತರಗಳಿಂದಲೇ ಆಕೆಯನ್ನು ಊಹಿಸಿಕೊಳ್ಳಬೇಕಾಗಿದೆ.

ತಾಯಿತಂದೆಗಳೇ, ಶಾಲೆಯಿಂದ ನಿಮ್ಮ ಮಗಳು ತರುವ ಅಂಕಗಳನ್ನು ನೀವು ಎಣಿಸುವಿರಿ. ಆಕೆಯು ಯಾರ ಕೈ ಹಿಡಿದುಕೊಂಡು ಬರುವಳೆಂಬುದನ್ನೂ ಗಮನಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಒಂದೇ ಬೆಂಚಿನಲ್ಲಿ ಕುಳಿತವಳಿಗೆ ನೀವು ಕಾಗದ ಬರೆದು ಎಷ್ಟು ವರ್ಷವಾಯಿತು? ಮುನಿಸಿನಿಂದ ನಿಂತುಹೋಗಿದ್ದರೆ, ಮಿಸ್ ವೂಲರರು ಬರುವವರೆಗೆ ಕಾಯಬೇಕಾಗಿಲ್ಲ.